ದ್ವೀಪದಲ್ಲಿ ಖಾಲಿ ಪೀರಿಯಡ್

ಟೈಮ್‌ಟೇಬಲ್ ಮೇಷ್ಟ್ರಿಗೆ ಮದುವೆಯಾಗಿ ಇಪ್ಪತ್ತೊಂದು ವರ್ಷವಾಗಿತ್ತು, ಹನಿಮೂನ್ ಮಾತ್ರ ಇನ್ನೂ ಆಗಿರಲಿಲ್ಲ. ಇದರಲ್ಲಿ ತಮ್ಮ ತಪ್ಪು ಎಳ್ಳಷ್ಟೂ ಇಲ್ಲ ಎಂದು ಅವರು ಈಗಲೂ ವಾದಿಸುತ್ತಾರೆ. ಮದುವೆ ನಡೆದದ್ದು ವಾರ್ಷಿಕ ಪರೀಕ್ಷೆಯ ವಾರದಲ್ಲಿ. ಮದುವೆಯ ಊಟ ಮುಗಿಸಿ, ಹೊಸ ಬಟ್ಟೆಯಲ್ಲೇ ಶಾಲೆಗೆ ಓಡಿ, ಯಾವ ಬೆಂಚಿನಲ್ಲಿ ಯಾರು ಕೂರಬೇಕೆಂಬ ಪಟ್ಟಿ ಅಂಟಿಸಿ ಬಂದ ಮದುಮಗ ಅವರು. ಮುಂದಿನ ವರ್ಷ ಗಣಿತದ ಮೇಡಂ ಹೆರಿಗೆಗೆ ಹೋದರು, ಇಡೀ ಟೈಮ್‌ಟೇಬಲ್ ಹೊಸದಾಗಿ ಹಾಕಬೇಕಾಯಿತು. ಅದರ ಮುಂದಿನ ವರ್ಷ ಎರಡು ಕೋಣೆಗಳ ಮಾಡು ಸೋರಿತು. ಹೀಗೇ ಒಂದಲ್ಲ ಒಂದು.

ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವವರು. ಅವರ ಬೀರುವಿನ ಬಾಗಿಲ ಒಳಬದಿಯಲ್ಲಿ ಹಳೇ ಕ್ಯಾಲೆಂಡರಿನಿಂದ ಕತ್ತರಿಸಿದ ಒಂದು ಚಿತ್ರ ಇತ್ತು. ಹಸಿರು ನೀರು, ಎರಡು ತೆಂಗಿನ ಮರ, ಅವುಗಳ ನಡುವೆ ಬಲೆಯ ಜೋಲಿ. ಇಪ್ಪತ್ತೊಂದು ವರ್ಷ ದಿನಕ್ಕೆರಡು ಸಲ ಬಾಗಿಲು ತೆರೆದು ಮುಚ್ಚಿ ಸಮುದ್ರ ಬೆಳ್ಳಗಾಗಿಬಿಟ್ಟಿತ್ತು.

ಒಂದು ಭಾನುವಾರ ಬೆಳಗ್ಗೆ ಆ ಬಾಗಿಲನ್ನು ತೆರೆದಿಟ್ಟುಕೊಂಡೇ ಅವರು ಹೇಳಿದರು, "ರೀ, ಈ ರಜೆಗೆ ಹೋಗೋಣ. ನಾವಿಬ್ರೇ. ಪ್ಲಾನ್ ಪೂರ್ತಿ ನಿಮ್ದೇ. ಈ ಸಲನೂ ಏನಾದ್ರೂ ಎಡವಟ್ಟು ಮಾಡಿದ್ರೆ ಈ ಚಿತ್ರ ಕಿತ್ತು ಹಾಕ್ತೀನಿ. ಜಗಳ ಆಡಲ್ಲ, ಅಳಲ್ಲ. ಇನ್ನೊಂದ್ಸಲ ಕೇಳೋದೂ ಇಲ್ಲ."

ಗಿರಾಕಿಗೆ ನಂಬರ್ ಜಾಸ್ತಿಯಾಗಿದೆ ಎಂದು ಹೇಳುವ ಅದೇ ಸಮಾಧಾನದ ದನಿ. ಜಗಳವಾಡಿದ್ದರೆ ಮೇಷ್ಟ್ರಿಗೆ ಧೈರ್ಯವಿರುತ್ತಿತ್ತು. ಈ ದನಿ ಕೇಳಿ ಎದೆ ಧಸಕ್ಕೆಂದಿತು. ಈ ಸಲ ಆದರೆ ಆಯಿತು, ಇಲ್ಲದಿದ್ದರೆ ಮುಗಿಯಿತು, ಅಷ್ಟೇ.

ಹೆದರಿದ ಮನುಷ್ಯ ತನಗೆ ಗೊತ್ತಿರುವ ಕೆಲಸವನ್ನೇ ಮಾಡುತ್ತಾನೆ. ಮೇಷ್ಟ್ರಿಗೆ ಗೊತ್ತಿದ್ದದ್ದು ಟೈಮ್‌ಟೇಬಲ್ ಹಾಕುವುದು. ಅದಕ್ಕೆ ಅವರದೇ ಮೂರು ಕಟ್ಟಳೆಗಳಿದ್ದವು. ಯಾವ ಪೀರಿಯಡ್ಡೂ ಖಾಲಿ ಇರಬಾರದು, ಖಾಲಿ ಪೀರಿಯಡ್ ಎಂದರೆ ಗಲಾಟೆ, ಗಲಾಟೆ ಎಂದರೆ ಒಡೆದ ಕಿಟಕಿ. ಪ್ರತಿ ಪೀರಿಯಡ್ಡಿಗೂ ಒಬ್ಬ ಬದಲಿ ಇರಲೇಬೇಕು, ಏಕೆಂದರೆ ಮೇಷ್ಟ್ರುಗಳ ಹೊಟ್ಟೆ ಯಾವಾಗ ಕೈಕೊಡುತ್ತದೆಂದು ಯಾರೂ ಹೇಳಲಾರರು. ಕೊನೆಯದಾಗಿ, ಹೆಸರಿರುವವರೆಲ್ಲ ಓದಿ ಸಹಿ ಮಾಡುವ ತನಕ ಟೈಮ್‌ಟೇಬಲ್ ಟೈಮ್‌ಟೇಬಲ್ಲೇ ಅಲ್ಲ.

ದ್ವೀಪದ ರೆಸಾರ್ಟಿನಲ್ಲಿ ಕೋಣೆ, ದೋಣಿಯ ಟಿಕೆಟ್ಟು ಎಲ್ಲ ಎರಡೇ ದಿನದಲ್ಲಿ ಆಯಿತು. ಅಸಲಿ ಕೆಲಸ ಶುರುವಾದದ್ದು ಆಮೇಲೆ. ಹಾಲಿನ ಸೋಫಾದ ಹಿಂದೆ ದೊಡ್ಡ ರಟ್ಟಿನ ಬೋರ್ಡು ಎದ್ದು ನಿಂತಿತು. ಐದು ದಿನ, ದಿನಕ್ಕೆ ಏಳು ಪೀರಿಯಡ್, ಒಟ್ಟು ಮೂವತ್ತೈದು ಬಣ್ಣದ ಚೀಟಿಗಳು. ನೀಲಿ ಚೀಟಿ ನೀರಿಗೆ, ಹಳದಿ ಬಿಸಿಲಿಗೆ, ಗುಲಾಬಿ ಪ್ರೀತಿಗೆ. ಮೊದಲ ದಿನ ಮೂರನೇ ಪೀರಿಯಡ್: ಪ್ರೇಮಾಲಾಪ, ಪೀಠಿಕೆ. ಎರಡನೇ ದಿನ ಐದು ಮತ್ತು ಆರು: ಪ್ರೇಮಾಲಾಪ, ಡಬಲ್ ಪೀರಿಯಡ್. ಮೂರನೇ ದಿನ: ಸುಮ್ಮನೆ ಸಮುದ್ರ ನೋಡುವುದು, ಪ್ರಾಯೋಗಿಕ. ನಾಲ್ಕನೇ ದಿನ: ಕೈ ಹಿಡಿದು ನಡೆಯುವುದು, ಹಿಂದಿನ ಪಾಠದ ಪುನರಾವರ್ತನೆಯೊಂದಿಗೆ. ಜೋಲಿಯಲ್ಲಿ ತೂಗಿಕೊಳ್ಳುವುದಕ್ಕೆ ನಲವತ್ತು ನಿಮಿಷ, ಅದರಲ್ಲಿ ಹತ್ತುವುದಕ್ಕೆ ಹತ್ತು, ಇಳಿಯುವುದಕ್ಕೆ ಹತ್ತು.

ಬದಲಿಯ ಕಾಲಮ್ಮಿಗೆ ಬಂದಾಗ ಮೇಷ್ಟ್ರು ತಲೆ ಕೆರೆದುಕೊಂಡರು. ಸೂರ್ಯಾಸ್ತದ ಹೊತ್ತಿಗೆ ಸರಿಯಾಗಿ ತಮ್ಮ ಹೊಟ್ಟೆ ಕೆಟ್ಟರೆ ಹೆಂಡತಿ ಒಬ್ಬಳೇ ಕೂರಬೇಕೇ? ಛೆ, ಉಂಟೇ! ಯೋಚಿಸಿ, ತಮ್ಮ ಜಾಗಕ್ಕೆ "ಬದಲಿ: ಅತ್ತಿಗೆ" ಎಂದು ಬರೆದರು. ಅತ್ತಿಗೆ ಎಂದರೆ ಹೆಂಡತಿಯ ಅಕ್ಕ, ಡ್ರೈವಿಂಗ್ ಸ್ಕೂಲ್ ನಡೆಸುವ ಹೆಂಗಸು. ಹೆಂಡತಿಗೆ ತಲೆನೋವು ಬಂದರೆ? ಅವಳ ಜಾಗಕ್ಕೆ "ಬದಲಿ: ಷಡ್ಡಕ" ಎಂದು ಬರೆದರು. ಷಡ್ಡಕ ಅತ್ತಿಗೆಯ ಗಂಡ, ಲಿಫ್ಟ್ ರಿಪೇರಿಯವರು, ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಇವೆಲ್ಲ ಬರೀ ಕಾಗದದ ಮೇಲಿನ ಏರ್ಪಾಡು ಎಂದು ಮೇಷ್ಟ್ರ ತಿಳಿವಳಿಕೆ. ಶಾಲೆಯಲ್ಲಿ ಕ್ರಾಫ್ಟ್ ಮೇಷ್ಟ್ರ ಹೆಸರು ಹನ್ನೊಂದು ವರ್ಷದಿಂದ ಸಂಗೀತದ ಬದಲಿಯಾಗಿದೆ, ಒಂದು ದಿನವೂ ಅವರು ಬಾಯಿ ತೆರೆದು ಹಾಡಿದ್ದಿಲ್ಲ.

ಹೆಂಡತಿ ಕೆಲಸದಿಂದ ಬಂದು ಬೋರ್ಡಿನ ಮುಂದೆ ನಿಂತರು. ಹತ್ತಿರ ಬಂದರು, ಹಿಂದೆ ಸರಿದರು, ಆಮೇಲೆ ಸೋಫಾದ ಮೇಲೆ ಕುಳಿತು, "ನೀವೇ ಓದಿ ಹೇಳಿ" ಎಂದರು.

ಮೇಷ್ಟ್ರು ಖುಷಿಯಿಂದ ಮೂವತ್ತೈದನ್ನೂ ಓದಿದರು. ಬದಲಿಯ ಕಾಲಮ್ಮನ್ನು ಮಾತ್ರ ಓದಲಿಲ್ಲ. ಅದನ್ನು ಯಾವ ಶಾಲೆಯಲ್ಲೂ ಗಟ್ಟಿಯಾಗಿ ಓದುವ ಪದ್ಧತಿಯಿಲ್ಲ. ಹೆಂಡತಿ ಎರಡು ಸಲ ನಕ್ಕರು, ಒಂದು ಸಲ ನಿಟ್ಟುಸಿರು ಬಿಟ್ಟರು, ತೋರಿಸಿದ ಜಾಗದಲ್ಲಿ ಸಹಿ ಹಾಕಿ ಮುಖ ತೊಳೆಯಲು ಹೋದರು. ಮೇಷ್ಟ್ರು ಬೋರ್ಡಿನ ಫೋಟೋ ತೆಗೆದು ಅತ್ತಿಗೆಗೂ ಕಳಿಸಿದರು. "ಓದಿ ಸಹಿ ಮಾಡಿ ವಾಪಸ್ ಕಳಿಸುವುದು" ಎಂದು ಕೆಳಗೆ ಬರೆದರು. ಶಾಲೆಯಲ್ಲಿ ಹಾಗೇ ಬರೆಯುವುದು.

ಇದಾದ ನಾಲ್ಕನೇ ದಿನ ಮೇಷ್ಟ್ರು ಸ್ಟಾಫ್ ರೂಮಿನಿಂದ ಮನೆಗೆ ಬಂದು ಇನ್ನೂ ಬೂಟು ಬಿಚ್ಚಿರಲಿಲ್ಲ, ಹೆಂಡತಿಯ ಫೋನು ಬಂತು.

"ರೀ, ಅಂಗಡಿಗೆ ಬನ್ನಿ. ಬೋರ್ಡು ತಗೊಂಡ್ ಬನ್ನಿ."

"ಬೋರ್ಡಾ? ಯಾಕೆ?"

"ಬನ್ನಿ."

ಮೈಯುದ್ದದ ರಟ್ಟನ್ನು ತಬ್ಬಿಕೊಂಡು ಮೇಷ್ಟ್ರು ರಸ್ತೆಯಲ್ಲಿ ನಡೆದರು. ಗಾಳಿಗೆ ಚೀಟಿಗಳು ಪಟಪಟ ಬಡಿದವು. ಬಸ್ ಸ್ಟಾಪಿನ ಹತ್ತಿರ ಒಂದು ಗುಲಾಬಿ ಚೀಟಿ ಕಿತ್ತು ಹಾರಿತು. ಅದನ್ನು ಹಿಡಿದ ಅಪರಿಚಿತ ಮುದುಕರೊಬ್ಬರು ಕಣ್ಣು ಕಿರಿದು ಮಾಡಿ "ಪ್ರೇಮಾಲಾಪ, ಪೀಠಿಕೆ" ಎಂದು ಗಟ್ಟಿಯಾಗಿ ಓದಿ, ಮೇಷ್ಟ್ರನ್ನು ಮೇಲಿಂದ ಕೆಳಗೆ ನೋಡಿ, "ಒಳ್ಳೇದಾಗ್ಲಿ ಬಿಡಿ" ಎಂದು ವಾಪಸ್ ಕೊಟ್ಟರು.

ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಒಳಗಿನ ಕತ್ತಲೆ ಕೋಣೆಯಲ್ಲಿ ಹೆಂಡತಿ ಮೇಷ್ಟ್ರನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿದರು. ಎದುರು ಗೋಡೆಯಲ್ಲಿದ್ದ ಅಕ್ಷರಗಳ ಪಟ್ಟಿ ಇಳಿಸಿ ಆ ಜಾಗದಲ್ಲಿ ಬೋರ್ಡು ನಿಲ್ಲಿಸಿದರು. ಮೇಷ್ಟ್ರ ಕನ್ನಡಕ ತೆಗೆದಿಟ್ಟು, ಲೆನ್ಸು ಕೂರಿಸುವ ಉಕ್ಕಿನ ಚೌಕಟ್ಟನ್ನು ಅವರ ಮೂಗಿನ ಮೇಲೇರಿಸಿ, ಎರಡು ಗಾಜು ಟಕಟಕ ಹಾಕಿ, ಬೋರ್ಡಿನ ಮೇಲೆ ದೀಪ ಹಾಕಿದರು.

"ಇವತ್ತು ಅಕ್ಕ ಬಂದಿದ್ಲು. ಕೊಡೆಯಷ್ಟಗಲ ಟೋಪಿ ಹಾಕ್ಕೊಂಡು. ದ್ವೀಪಕ್ಕೆ ತಂಪು ಕನ್ನಡಕ ಬೇಕಂತೆ, ಇಬ್ಬರಿಗೂ. ನಮ್ಮ ದೋಣೀಲೇ ಟಿಕೆಟ್ ಮಾಡ್ಸಿದ್ದಾಳಂತೆ. ಈಗ ಓದಿ. ಬದಲಿ ಕಾಲಮ್ಮು."

ಮೇಷ್ಟ್ರಿಗೆ ಬೆವರಿಳಿಯಿತು. "ಮೂರನೇ ದಿನ, ಏಳನೇ ಪೀರಿಯಡ್. ಸೂರ್ಯಾಸ್ತ. ಬದಲಿ, ಅತ್ತಿಗೆ."

"ಮುಂದೆ."

"ನಾಲ್ಕನೇ ದಿನ, ಎರಡನೇದು. ಹೆಂಡತಿಯ ಕೈ ಹಿಡಿದು ನಡೆಯುವುದು. ಬದಲಿ..." ಮೇಷ್ಟ್ರು ಕುರ್ಚಿಯಲ್ಲಿ ಸರಿದು ಕುಳಿತರು. "ಅತ್ತಿಗೆ."

"ನನ್ನ ಕೈ ಹಿಡಿಯೋಕೂ ಬದಲಿ ಬೇಕಾ ನಿಮಗೆ?"

"ಕಾಗದದ ಮೇಲಷ್ಟೇ ಕಣೇ! ಈಗಲೇ ಅತ್ತಿಗೆಗೆ ಬರಬೇಡಿ ಅಂತ ಹೇಳ್ತೀನಿ."

"ಹೇಳಿ ನೋಡೋಣ. ಮೂವತ್ತೈದಕ್ಕೂ ಸಹಿ ಮಾಡಿದ್ದಾಳೆ. ಭಾವ ಒಂಬತ್ತು ವರ್ಷಕ್ಕೆ ಮೊದಲನೇ ಸಲ ರಜ ಹಾಕಿದ್ದಾರೆ. 'ಮೇಷ್ಟ್ರು ನಮ್ಮನ್ನೂ ನೆನೆಸಿಕೊಂಡ್ರಲ್ಲೇ' ಅಂತ ಇಲ್ಲೇ ನಿಂತು ಕಣ್ಣೊರೆಸಿಕೊಂಡ್ಲು."

ಮೇಷ್ಟ್ರು ನಾಲಿಗೆ ಕಚ್ಚಿಕೊಂಡರು. ಹೆಂಡತಿ ಲೆನ್ಸುಗಳ ಪೆಟ್ಟಿಗೆ ಮುಚ್ಚಿದರು. "ಹೋಗ್ಲಿ ಬಿಡಿ. ನಾನು ಮನೆಗೆ ಹೋಗಿ ಆ ಚಿತ್ರ ತೆಗೀತೀನಿ" ಎಂದರು. ದನಿಯಲ್ಲಿ ಅದೇ ಹಾಳು ಸಮಾಧಾನ.

ಮೂಗಿನ ಮೇಲೆ ಉಕ್ಕು ಹೊತ್ತ ಮನುಷ್ಯ ಸುಳ್ಳು ಹೇಳುವುದು ಕಷ್ಟ. ಮೇಷ್ಟ್ರು ಇದ್ದದ್ದನ್ನು ಇದ್ದ ಹಾಗೇ ಹೇಳಿಬಿಟ್ಟರು. "ನನಗೆ ಹೆದರಿಕೆ ಆಗಿತ್ತು ಕಣೇ. ಐದು ದಿನ, ನಾವಿಬ್ಬರೇ. ಖಾಲಿ ಬಿಟ್ಟರೆ ಏನು ಮಾತಾಡೋದು? ಇಪ್ಪತ್ತೊಂದು ವರ್ಷದಿಂದ ಗ್ಯಾಸ್ ಬಂತಾ, ಬಾಗಿಲು ಹಾಕಿದ್ಯಾ, ಇಷ್ಟೇ ಮಾತಾಡಿದ್ದೀವಿ. ಅಲ್ಲಿ ಗ್ಯಾಸೂ ಇಲ್ಲ. ನಿನಗೆ ಬೇಜಾರಾಗಿ, ಇವನ ಜೊತೆ ಯಾಕಾದ್ರೂ ಬಂದೆ ಅನ್ನಿಸಿಬಿಟ್ರೆ?"

 ಹೆಂಡತಿ ಮೇಷ್ಟ್ರ ಮೂಗಿನಿಂದ ಚೌಕಟ್ಟು ತೆಗೆದು, ಅದರ ಗುರುತು ಬಿದ್ದಿದ್ದ ಜಾಗವನ್ನು ಹೆಬ್ಬೆರಳಿನಿಂದ ಉಜ್ಜಿದರು. ಮೇಷ್ಟ್ರಿಗೆ ಅಳುವೇ ಬಂದಂತಾಯಿತು.

"ಅಲ್ರೀ," ಎಂದರು ಹೆಂಡತಿ, "ನಿಮ್ಮ ಸ್ಕೂಲಲ್ಲಿ ಬದಲಿಯವರು ಕ್ಲಾಸಿಗೆ ಹೋದ್ರೆ, ಆ ಪೀರಿಯಡ್ಡು ಯಾರ್ದೋ ಅವ್ರು ಏನ್ಮಾಡ್ತಾರೆ?"

"ಅವರು ಗೈರು."

"ಗೈರಾದ್ರೆ?"

"ಗೈರಾದ್ರೆ ಅವರಿಗೇನು, ಪೂರ್ತಿ ಬಿಡುವು..." ಮೇಷ್ಟ್ರು ಕಣ್ಣು ಕಣ್ಣು ಬಿಟ್ಟರು. ಜೇಬಿನಿಂದ ಕೆಂಪು ಪೆನ್ಸಿಲ್ ತೆಗೆದರು. ಕನ್ನಡಕ ಹಾಕಿಕೊಂಡು ಎದ್ದು ಬೋರ್ಡಿನ ಹತ್ತಿರ ಹೋಗಿ, ಮೊದಲ ಚೀಟಿಯಲ್ಲಿ ತಮ್ಮ ಹೆಸರಿನ ಮುಂದೆ "ಗೈರು" ಎಂದು ಬರೆದರು. ಹೆಂಡತಿಯ ಹೆಸರಿನ ಮುಂದೆಯೂ "ಗೈರು" ಎಂದು ಬರೆದರು. ಹಾಗೇ ಎರಡನೆಯದರಲ್ಲಿ, ಮೂರನೆಯದರಲ್ಲಿ.

"ಯಾಕ್ರೀ ನಿಂತ್ರಿ?"

"ನಿಲ್ಲದೆ ಏನ್ಮಾಡಲಿ! ಮೂವತ್ತೈದು ಖಾಲಿ ಪೀರಿಯಡ್ ಕಣೇ!"

ಚಿತ್ರವನ್ನು ಹೆಂಡತಿ ಕೀಳಲಿಲ್ಲ. ಆದರೆ "ನೋಡೋಣ" ಎಂದಷ್ಟೇ ಹೇಳಿದರು, ಮೇಷ್ಟ್ರ ಹೆದರಿಕೆ ಹೆದರಿಕೆಯಾಗಿಯೇ ದೋಣಿ ಹತ್ತಿತು.

ದ್ವೀಪದಲ್ಲಿ ಅತ್ತಿಗೆ ಟೈಮ್‌ಟೇಬಲ್ಲನ್ನು ಟೋಪಿಯೊಳಗೆ ಸಿಕ್ಕಿಸಿಕೊಂಡು ಐದೂ ದಿನ ಬೆಳಗ್ಗೆ ಏಳಕ್ಕೆಲ್ಲ ಮರಳಿಗಿಳಿಯುತ್ತಿದ್ದರು. ಬದಲಿಯ ಕೆಲಸವನ್ನು ಅಷ್ಟು ನಿಷ್ಠೆಯಿಂದ ಮಾಡಿದವರನ್ನು ಮೇಷ್ಟ್ರು ತಮ್ಮ ಸರ್ವೀಸಿನಲ್ಲೇ ಕಂಡಿರಲಿಲ್ಲ. ಕೈ ಹಿಡಿದು ನಡೆಯುವ ಪೀರಿಯಡ್ಡಿನಲ್ಲಿ ಗಂಡನಿಗೆ, "ಸಡಿಲ ಬಿಡ್ರೀ, ಅದು ಸ್ಟೀರಿಂಗ್ ಅಲ್ಲ! ಹಿಂದೆ ನೋಡ್ಕೊಳಿ, ಆಮೇಲೆ ತಿರುಗಿ!" ಎಂದು ಕೂಗುವುದು ರೆಸಾರ್ಟಿನ ತನಕ ಕೇಳುತ್ತಿತ್ತು. ಅಲೆ ಬಂದಾಗಲೆಲ್ಲ ಅವರ ಬಲಗಾಲು ತಾನಾಗಿ ಬ್ರೇಕ್ ಒತ್ತುತ್ತಿತ್ತು. ಷಡ್ಡಕರು ಜೋಲಿಯ ಹಗ್ಗ, ಕೊಂಡಿ ಎಲ್ಲ ಎಳೆದು ನೋಡಿ, "ಇಬ್ಬರನ್ನ ತಡೆಯುತ್ತೆ" ಎಂದು ಪ್ರಮಾಣಪತ್ರ ಕೊಟ್ಟು ಅತ್ತಿಗೆಯನ್ನು ಹತ್ತಿಸಿಕೊಂಡರು. ಆಮೇಲೆ ಅವರಿಬ್ಬರೂ ನಕ್ಕು ನಕ್ಕು ಇಳಿಯಲಾರದೆ, ಇಳಿಯುವುದಕ್ಕಿಟ್ಟಿದ್ದ ಹತ್ತು ನಿಮಿಷ ಸಾಲದೇ ಹೋಯಿತು.

ಇತ್ತ ಮೊದಲ ದಿನ ಮೇಷ್ಟ್ರು ಮತ್ತು ಹೆಂಡತಿ ರೆಸಾರ್ಟಿನ ಜಗಲಿಯಲ್ಲಿ ಎದುರುಬದುರು ಕುಳಿತಿದ್ದರು. ಮುಂದೆ ನಿಜವಾದ ಹಸಿರು ನೀರು. ಹತ್ತು ನಿಮಿಷವಾಯಿತು. ಹದಿನೈದಾಯಿತು. ಮೇಷ್ಟ್ರು ಗಡಿಯಾರವಿಲ್ಲದ ಮಣಿಕಟ್ಟನ್ನು ನೋಡಿಕೊಂಡರು, ಗಡಿಯಾರವನ್ನು ಹೆಂಡತಿ ಮನೆಯಲ್ಲೇ ಬಿಚ್ಚಿಡಿಸಿದ್ದರು. ಒಂದು ಮಾತೂ ಹೊಳೆಯಲೊಲ್ಲದು. ಹೆದರಿದ ಹಾಗೇ ಆಯಿತಲ್ಲ ಎಂದುಕೊಂಡರು. ಮಾಡಲು ಬೇರೇನೂ ಇಲ್ಲದೆ ಅವರು ಹೆಂಡತಿಯನ್ನೇ ನೋಡುತ್ತ ಕುಳಿತರು.

ಹೆಂಡತಿ ತಿಂಡಿಯ ಪಟ್ಟಿ ಕೈಗೆತ್ತಿಕೊಂಡರು. ಕೈ ಚಾಚಿ ಹಿಡಿದರು. ಇನ್ನಷ್ಟು ಚಾಚಿದರು. ಕುತ್ತಿಗೆ ಹಿಂದೆ ಎಳೆದರು. ಆಮೇಲೆ ಪಟ್ಟಿಯನ್ನು ಮೇಷ್ಟ್ರ ಕಡೆಗೆ ತಳ್ಳಿ, "ನೀವೇ ಓದಿ" ಎಂದರು.

ಮೇಷ್ಟ್ರು ಪಟ್ಟಿ ಮುಟ್ಟಲಿಲ್ಲ. ಕರೆಂಟ್ ಬಿಲ್ಲು, ನೀವೇ ಓದಿ. ಮಾತ್ರೆಯ ಡಬ್ಬಿ, ನೀವೇ ಓದಿ. ಬೋರ್ಡು, ನೀವೇ ಓದಿ ಹೇಳಿ.

"ಲೇ, ನಿನಗೆ ಚಾಳೀಸು ಬಂದಿದೆ!"

ಹೆಂಡತಿ ಕುರ್ಚಿಗೆ ಒರಗಿದರು. "ಅಬ್ಬಾ! ಎರಡು ವರ್ಷ ಎಂಟು ತಿಂಗಳು."

"ಮತ್ತೆ ಕನ್ನಡಕ ಮಾಡಿಸಿಕೊಳ್ಳೋದಲ್ವಾ? ಅಂಗಡಿ ತುಂಬ ಕನ್ನಡಕ ಇಟ್ಕೊಂಡು!"

"ಅಂಗಡೀಲಿ ಹಾಕ್ಕೋತೀನಿ. ಮನೇಲಿ ಹಾಕ್ಕೊಂಡಿಲ್ಲ. ಊರವರ ಕಣ್ಣೆಲ್ಲ ನೋಡೋಳು ನಾನು. ನನ್ನ ಕಣ್ಣನ್ನ ಒಬ್ಬರು ನೋಡ್ಲಿ ಅಂತ ಕಾಯ್ತಿದ್ದೆ."

"ಹೇಳಬಾರದಿತ್ತಾ?"

"ಹೇಳಿದ್ರೆ ಪೀರಿಯಡ್ ಹಾಕ್ತಿದ್ರಿ."

ಮೇಷ್ಟ್ರಿಗೆ ನಾಚಿಕೆಯೂ ಆಯಿತು, ನಗುವೂ ಬಂತು. ತಮ್ಮ ಮೂಗಿನ ಮೇಲಿದ್ದ ಕನ್ನಡಕ ತೆಗೆದು, ಅಂಗಿಯ ತುದಿಯಲ್ಲಿ ಒರೆಸಿ, ಮೇಜಿನ ಮೇಲೆ ಬಾಗಿ ಹೆಂಡತಿಯ ಮುಖಕ್ಕೆ ಹಾಕಿದರು. ಕಿವಿಯ ಹಿಂದಿನ ಕೂದಲನ್ನು ಸರಿಸಿ ಕಡ್ಡಿ ಕೂರಿಸಿದರು. ಅಂಗಡಿಯಲ್ಲಿ ಹೆಂಡತಿ ದಿನವೂ ಕೇಳುವ ಪ್ರಶ್ನೆಯನ್ನೇ ಕೇಳಿದರು, "ಈಗ ಹೇಳಿ. ಮೊದಲಿಗಿಂತ ಈಗ ಸ್ಪಷ್ಟನಾ?"

ಹೆಂಡತಿ ಪಟ್ಟಿಯನ್ನು ನೋಡಲಿಲ್ಲ. ಮೇಷ್ಟ್ರ ಮುಖವನ್ನೇ ಬಹಳ ಹೊತ್ತು ನೋಡಿದರು.

"ಅಯ್ಯೋ ರೀ! ನಿಮ್ಮ ಹುಬ್ಬೆಲ್ಲ ಬೆಳ್ಳಗಾಗಿದೆಯಲ್ರೀ! ಯಾವಾಗಿಂದ?"

"ನನಗೇನು ಗೊತ್ತು? ನೀನು ಹೇಳಬೇಕು."

ಅಲ್ಲಿಂದ ಶುರುವಾದ ಮಾತು ನಿಲ್ಲಲೇ ಇಲ್ಲ. ಹುಬ್ಬಿನಿಂದ ಮದುವೆಯ ಬಟ್ಟೆಗೆ, ಬಟ್ಟೆಯಿಂದ ಬೆಂಚಿನ ಪಟ್ಟಿಗೆ, ಪಟ್ಟಿಯಿಂದ ಮಂಡಿನೋವಿಗೆ. ಇರುವ ಒಂದು ಕನ್ನಡಕ ಅತ್ತಿಂದಿತ್ತ ಓಡಾಡಿತು. ಪೂರ್ತಿ ಓದುವಷ್ಟು ಹೊತ್ತು ಅದು ಯಾರ ಬಳಿಯೂ ಉಳಿಯಲಿಲ್ಲವಾದ್ದರಿಂದ, ತಿಂಡಿಯ ಪಟ್ಟಿಯಲ್ಲಿ ಬೆರಳಿಟ್ಟದ್ದನ್ನೇ ತರಿಸಿಕೊಂಡು, ಏನೆಂದು ಗೊತ್ತಾಗದೆ ತಿಂದರು.

ಮರಳಿನ ಮೇಲೆ ಟೋಪಿಯೊಂದು ಓಡೋಡಿ ಬಂತು. ಅದರ ಕೆಳಗೆ ಅತ್ತಿಗೆ, ಹಿಂದೆ ಏದುಸಿರು ಬಿಡುತ್ತ ಷಡ್ಡಕರು.

"ಮೇಷ್ಟ್ರೇ! ಪೀಠಿಕೆ ಮುಗೀತು, ಈಗ ನಾಲ್ಕನೇ ಪೀರಿಯಡ್! ಒಂದಾದ್ರೂ ನೀವಿಬ್ರು ತಗೋಬಾರ್ದಾ?"

"ಆಗಲ್ಲ ಅತ್ತಿಗೆ," ಎಂದರು ಮೇಷ್ಟ್ರು, ಹೆಂಡತಿಯ ಕಡೆಯಿಂದ ಮುಖ ತಿರುಗಿಸದೆ, "ನಾವು ಗೈರು."