ಉಲನ್ನಿನ ಪೇಸ್ಟ್ರಿ

ನನ್ನ ನಾದಿನಿ ಉಮಾಶ್ರೀಗೆ ಸೂಜಿ ಕೆಲಸವೆಂದರೆ ಆಗುತ್ತಿರಲಿಲ್ಲ. ಸೀರೆಯ ಫಾಲ್ ಬಿಚ್ಚಿದರೂ ನನ್ನ ಮುಂದೆ ತಂದು ಹಾಕಿ, ಇದರ ಕಥೆ ನೀವೇ ನೋಡಿರಿ ವೈನಿ, ಎಂದು ಹೋಗಿಬಿಡುವವಳು. ಅಂಥವಳು ಮೂವತ್ತರ ಹತ್ತಿರ ಬಂದಾಗ ಕ್ರೋಶಾ ಕಡ್ಡಿ ಹಿಡಿದು ಕೂತಳು. ಉಲನ್ನಿನಲ್ಲಿ ಅಂಗೈಯೊಳಗೆ ಹಿಡಿಸುವಂಥ ಕೇಕು, ಪೇಸ್ಟ್ರಿ, ಕ್ರೀಮ್ ರೋಲು ಮಾಡುವುದಕ್ಕೆ. ಈಗ ಇಂಥವಕ್ಕೆ ಏನೋ ಜಪಾನಿ ಹೆಸರು ಇದೆಯಂತೆ. ಎರಡು ಸಾವಿರದ ಮೂರನೆಯ ಇಸವಿಯಲ್ಲಿ ನವನಗರದ ನಮ್ಮ ಓಣಿಯಲ್ಲಿ ಅದು ಯಾರಿಗೆ ಗೊತ್ತಿತ್ತು? ಹುಚ್ಚು ಎಂದೇ ಎಲ್ಲರೂ ಅಂದುಕೊಂಡರು.

ಹುಚ್ಚಲ್ಲ. ಮಗಳಿಗೆ ತಿನ್ನಲು ಏನನ್ನೂ ಕೊಡಕೂಡದು ಎಂದು ಅವಳಿಗೆ ಕಟ್ಟು ಹಾಕಿದ್ದರು.

ಉಮಾಳನ್ನು ಕೊಟ್ಟದ್ದು ಹಳೇ ಹುಬ್ಬಳ್ಳಿಯ ಕಾಳಿನ ವ್ಯಾಪಾರಸ್ಥರ ಮನೆಗೆ. ಗಂಡ ಗುರುಪಾದ ಕೆಟ್ಟವನಲ್ಲ, ಆದರೆ ತಾಯಿಯ ಮುಂದೆ ಅವನ ಬಾಯಿಂದ ಮಾತು ಹೊರಡುತ್ತಿರಲಿಲ್ಲ. ಆ ತಾಯಿ ಶಿವಬಸವ್ವನಿಗೆ ಒಂದೇ ಭಯ. ಸೊಸೆಯಂದಿರು ಊಟದಲ್ಲಿ ಮದ್ದು ಹಾಕಿ ಗಂಡಸರ ಮನಸ್ಸು ತಿರುಗಿಸುತ್ತಾರೆ ಎಂದು. ಅವಳ ಹಿರಿಯ ಮಗ ಮದುವೆಯಾದ ವರ್ಷದೊಳಗೆ ಹೆಂಡತಿಯನ್ನು ಕರೆದುಕೊಂಡು ಬೇರೆಯಾಗಿದ್ದ. ಆಮೇಲೆ ತಾಯಿಗೆ ಕಾಯಿಲೆಯಾದಾಗಲೂ ಬಂದು ನೋಡಲಿಲ್ಲ. ಹೆತ್ತ ಮಗ ತಾನಾಗಿಯೇ ಹಾಗೆ ಮಾಡಿದ ಎಂದು ಒಪ್ಪುವುದಕ್ಕಿಂತ, ಅವನ ಅನ್ನದಲ್ಲಿ ಯಾರೋ ಏನೋ ಕಲಸಿದರು ಎಂದು ನಂಬುವುದು ಆಕೆಗೆ ಹಗುರವಾಗಿತ್ತು. ಹಾಗಾಗಿ ಉಮಾ ಬಡಿಸಿದ ತಾಟನ್ನು ಗುರುಪಾದನ ಮುಂದೆ ಇಡಗೊಡುತ್ತಿರಲಿಲ್ಲ. ಒಂದು ದಿನ ಉಮಾ ಆ ತಾಟಿನಲ್ಲಿದ್ದದ್ದನ್ನೆಲ್ಲ ಅತ್ತೆಯ ಎದುರಿಗೇ ಕೂತು ತಾನೇ ಉಂಡು, ಕೈತೊಳೆದು, ಕೂಸನ್ನು ಎತ್ತಿಕೊಂಡು ನಮ್ಮ ಮನೆಗೆ ಬಂದಳು.

ಕೂಸು ನೀಲಾಂಬಿಕಾ. ನಮಗೆಲ್ಲ ನೀಲೂ. ನಮ್ಮ ಮನೆಯಲ್ಲಿಯೇ ಮಾತು ಕಲಿತಳು. ಬಸ್ ಸ್ಟಾಪಿನ ಹತ್ತಿರದ ಬೇಕರಿಯ ಗಾಜಿಗೆ ಮೂಗು ಒತ್ತಿ ನಿಂತು ಗುಲಾಬಿ ಬಣ್ಣದ ಪೇಸ್ಟ್ರಿ ನೋಡುವುದು ಅವಳ ದಿನದ ಕೆಲಸವಾಗಿತ್ತು. ನಾಲ್ಕು ತುಂಬಿದ ಮೇಲೆ ಗುರುಪಾದ ಬಂದು, ನಾಲ್ಕು ದಿನ ಇಟ್ಟುಕೊಂಡು ಕಳಿಸುತ್ತೇನೆ ಎಂದು ಕರೆದುಕೊಂಡು ಹೋದ. ಕಳಿಸಲಿಲ್ಲ. ಕೋರ್ಟಿಗೆ ಹೋದೆವು. ತೀರ್ಪು ಬರುವ ತನಕ ತಿಂಗಳಿಗೊಂದು ರವಿವಾರ, ಎರಡೂ ಮನೆತನದವರು ನಡೆದುಕೊಳ್ಳುವ ಹುಬ್ಬಳ್ಳಿಯ ಒಂದು ಮಠದ ಪಡಸಾಲೆಯಲ್ಲಿ ತಾಯಿ ಮಗಳು ಕೂಡಬೇಕು, ಮಠದ ಹಿರಿಯರಾದ ಗುರುಸಿದ್ದಯ್ಯನವರು ಎದುರಿಗಿರಬೇಕು ಎಂದು ವಕೀಲರು ತಮ್ಮತಮ್ಮಲ್ಲಿ ಮಾತಾಡಿ ಗೊತ್ತು ಮಾಡಿದರು.

ಮೊದಲ ಭೇಟಿಗೆ ಉಮಾ ಬೇಕರಿಯಿಂದ ತತ್ತಿ ಹಾಕದ ಪೇಸ್ಟ್ರಿಯನ್ನೇ ಹೇಳಿ ಮಾಡಿಸಿಕೊಂಡು ಹೋದಳು. ನೀಲೂ ಕೈ ಚಾಚುವುದರೊಳಗೆ ಶಿವಬಸವ್ವ ಡಬ್ಬಿ ತೆಗೆದುಕೊಂಡು ಹೋಗಿ ಮಠದ ಆಕಳಿನ ಮುಂದೆ ಇಟ್ಟಳು. ಆಕಳು ಮೂಸಿ ನೋಡಿ ಮುಖ ತಿರುಗಿಸಿತು. ಕಂಡಿರಾ ಎನ್ನುವಂತೆ ಶಿವಬಸವ್ವ ನಮ್ಮೆಲ್ಲರ ಮುಖ ನೋಡಿದಳು. ಗುರುಸಿದ್ದಯ್ಯನವರು, ಕ್ರೀಮ್ ತಿನ್ನುವ ಆಕಳನ್ನು ತಾವು ಈವರೆಗೆ ಕಂಡಿಲ್ಲ ಎಂದು ಮೆಲ್ಲಗೆ ಹೇಳಿದರು. ಆದರೂ ಜಗಳ ಬೇಡವೆಂದು, ಇನ್ನು ಮುಂದೆ ತಿನ್ನುವ ಪದಾರ್ಥ ತರಕೂಡದು ಎಂದು ಅವರೇ ಗೆರೆ ಎಳೆದರು. ನೀಲೂ ಅಳುತ್ತಾ, ಮುಂದಿನ ಸಲ ಕೇಕು ತರುತ್ತೀಯಾ ಎಂದು ಕೇಳಿದಳು. ತರುತ್ತೇನೆ ಎಂದು ಉಮಾ ಮಾತು ಕೊಟ್ಟುಬಿಟ್ಟಳು.

ಅದೇ ಸಂಜೆ ಅವಳು ಹಿತ್ತಿಲು ದಾಟಿ ಮೌಲಾಬಿಯ ಮನೆಗೆ ಹೋದಳು. ಮೌಲಾಬಿ ಬಾಗಿಲಿಗೆ ಕಟ್ಟುವ ಉಲನ್ ತೋರಣ, ಕೂಸುಗಳ ಟೊಪ್ಪಿಗೆ ಹೆಣೆದು ಮಾರುವ ಹೆಂಗಸು. ಒಂದು ಕಣ್ಣಿಗೆ ಪೊರೆ ಬಂದಿತ್ತು, ನಾಲಿಗೆ ಮಾತ್ರ ಚುರುಕು. ಉಮಾ ದಾರವನ್ನು ಎಷ್ಟು ಬಿಗಿಯಾಗಿ ಎಳೆಯುತ್ತಿದ್ದಳೆಂದರೆ ಮರುಸುತ್ತಿಗೆ ಕುಣಿಕೆಯೊಳಗೆ ಕಡ್ಡಿಯೇ ಹೋಗುತ್ತಿರಲಿಲ್ಲ.

‘ಅದರ ಕುತ್ತಿಗಿ ಹಿಚಕಬ್ಯಾಡ ಬೇಟಿ,’ ಎಂದಳು ಮೌಲಾಬಿ. ‘ಅದೇನ್ ನಿನ್ನ ಗಂಡನ?’

ಬಹಳ ದಿನಗಳ ಮೇಲೆ ಉಮಾ ನಕ್ಕದ್ದನ್ನು ಅವತ್ತು ನೋಡಿದೆ.

ಕೇಕಿನ ತಳ ಎಂದರೆ ಒಂದು ಚಪ್ಪಟೆ ಚಕ್ರ, ಅಷ್ಟೇ. ಆದರೆ ಹೊಸಬರ ಕೈಯಲ್ಲಿ ಅದು ಚಪ್ಪಟೆಯಾಗಿ ನಿಲ್ಲುವುದಿಲ್ಲ. ಸುತ್ತಿಗೆ ಕುಣಿಕೆ ಹೆಚ್ಚಾದರೆ ಅಂಚು ಕರಿದ ಹಪ್ಪಳದಂತೆ ಮುರುಟುತ್ತಿತ್ತು, ಕಡಿಮೆಯಾದರೆ ಬಟ್ಟಲಾಗುತ್ತಿತ್ತು. ಬಟ್ಟಲಾದಾಗೆಲ್ಲ ಮೌಲಾಬಿ ಕಿತ್ತುಕೊಂಡು, ಇದು ಯಾರದೋ ಕೂಸಿನ ಟೊಪ್ಪಿಗೆಯಾಯಿತು, ಕೇಕು ನಾಳೆ ಮಾಡು ಎನ್ನುವಳು. ಸುತ್ತು ಎಲ್ಲಿ ಶುರುವಾಯಿತೆಂದು ಮರೆಯದಂತೆ ಅಲ್ಲೊಂದು ಕೆಂಪು ನೂಲು ಸಿಕ್ಕಿಸುವುದನ್ನು ಕಲಿಸಿದಳು. ಅಂತೂ ಮೊದಲನೆಯದು ಮುಗಿಯಿತು. ಬಿಳಿ ಗೋಡೆ, ಗುಲಾಬಿ ನೆತ್ತಿ, ಮೇಲೊಂದು ಕೆಂಪು ಚೆರ್ರಿ. ನನ್ನ ಗಂಡ ಅದನ್ನು ತಿರುಗಿಸಿ ನೋಡಿ, ಇಡ್ಲಿಗೆ ಕುಂಕುಮ ಯಾಕೆ ಹಚ್ಚಿದಿರಿ ಎಂದು ಕೇಳಿದರು.

ನೀಲೂ ಹಾಗೆ ಕೇಳಲಿಲ್ಲ. ಮಠದ ಪಡಸಾಲೆಯಲ್ಲಿ ಅದನ್ನು ಕಂಡ ಕೂಡಲೇ, ಪೇಸ್ಟ್ರಿ, ಎಂದಳು. ಶಿವಬಸವ್ವ ಕೈಗೆ ತೆಗೆದುಕೊಂಡು ಹಿಚುಕಿದಳು, ಮೂಸಿದಳು. ಉಲನ್ನು ಮತ್ತು ಹತ್ತಿ. ಬೇಡವೆನ್ನಲು ಏನೂ ಸಿಗಲಿಲ್ಲ. ಮಾರನೆಯ ತಿಂಗಳು ಕ್ರೀಮ್ ರೋಲು ಬಂತು, ಅದರ ಮಾರನೆಯ ತಿಂಗಳು ಮೇಲೆ ಎಳ್ಳು ಉದುರಿಸಿದಂತೆ ಕಾಣುವ ಬನ್ನು. ನೀಲೂ ಕಟ್ಟೆಯ ಮೇಲೆ ಅಂಗಡಿ ಹೂಡಿದಳು. ತಾಯಿ ಗಿರಾಕಿ, ನಾನು ಗಿರಾಕಿ, ಗುರುಸಿದ್ದಯ್ಯನವರು ಚೌಕಾಸಿ ಮಾಡುವ ಗಿರಾಕಿ. ಒಮ್ಮೆ ಆಯಿ, ನೀನೂ ತಗೋ ಎಂದು ಅಜ್ಜಿಯ ಕೈಗೂ ಒಂದು ಇಟ್ಟಳು. ಶಿವಬಸವ್ವ ಸುಳ್ಳೇ ಬಾಯಿ ಆಡಿಸಿ, ಸಕ್ಕರೆ ಸ್ವಲ್ಪ ಕಡಿಮೆಯಾಗಿದೆ ಎಂದಳು. ಎಲ್ಲರೂ ನಕ್ಕೆವು. ಆಕೆಯೂ ನಕ್ಕಳು. ಆ ರವಿವಾರ ಬಸ್ಸಿನಲ್ಲಿ ಬರುವಾಗ ಉಮಾ, ಕೋರ್ಟು ಏನೇ ಹೇಳಲಿ, ಹೀಗೇ ನಡೆದರೆ ಮಗಳು ತನ್ನ ಕೈ ಬಿಟ್ಟು ಹೋಗುವುದಿಲ್ಲ ಎಂದು ದಾರಿಯುದ್ದಕ್ಕೂ ಹೇಳುತ್ತ ಬಂದಳು. ನಾನೂ ಹೂಂ ಎಂದೆ. ನಂಬಿಯೇ ಹೂಂ ಎಂದೆ.

ಅಂಗಡಿಯವಳದು ಒಂದೇ ತಕರಾರು. ಕೇಕು ಕುಳಿತುಕೊಳ್ಳುತ್ತಿರಲಿಲ್ಲ. ಹತ್ತಿ ತುಂಬಿದ್ದರಿಂದ ತಳ ಉಬ್ಬಿ, ಗಾಳಿ ಬಂದರೆ ಉರುಳಿ ಕಟ್ಟೆಯಿಂದ ಕೆಳಗೆ ಬೀಳುತ್ತಿತ್ತು. ಮುಂದಿನ ಸಲ ಬೀಳದಂಥದ್ದು ತಾ ಎಂದು ನೀಲೂ ಗಂಭೀರವಾಗಿ ಹೇಳಿ ಕಳಿಸಿದಳು.

ತಳಕ್ಕೆ ಭಾರ ಹಾಕಬೇಕು ಎಂದಳು ಮೌಲಾಬಿ. ಹರಳು ಹಾಕಿದರೆ ಕೂಸಿಗೆ ಒತ್ತುತ್ತದೆ, ಅಕ್ಕಿ ಹಾಕಿದರೆ ಹುಳ ಬೀಳುತ್ತದೆ. ಉಮಾ ಹಿತ್ತಿಲು ದಾಟಿ ನಮ್ಮ ಮನೆಗೆ ಹೋಗಿ ಒಂದು ಸಣ್ಣ ದಿಂಬು ತಂದಳು. ಬಾಣಂತನದಲ್ಲಿ ನಾನೇ ಹೊಲಿದ ಸಾಸಿವೆಯ ದಿಂಬು. ನಮ್ಮ ಕಡೆ ಕೂಸಿನ ತಲೆ ದುಂಡಗಾಗಲಿ ಎಂದು ಸಾಸಿವೆ ತುಂಬಿದ ದಿಂಬಿನ ಮೇಲೆ ಮಲಗಿಸುತ್ತೇವಲ್ಲ, ಅದು. ನೀಲೂ ಹೋದಂದಿನಿಂದ ಉಮಾ ಅದನ್ನು ತನ್ನ ತಲೆಯ ಹತ್ತಿರ ಇಟ್ಟುಕೊಂಡು ಮಲಗುತ್ತಿದ್ದಳು. ಈಗ ಅದರ ಒಂದು ಮೂಲೆ ಬಿಚ್ಚಿ, ಸಾಸಿವೆ ತೆಗೆದು, ತೆಳು ಬಟ್ಟೆಯಲ್ಲಿ ಸಣ್ಣ ಸಣ್ಣ ಗಂಟು ಮಾಡಿ ಕೇಕುಗಳ ತಳಕ್ಕೆ ಇಟ್ಟು ಹೊಲಿದಳು. ಕೇಕುಗಳು ಕಲ್ಲು ನೆಟ್ಟಂತೆ ಕುಳಿತವು. ಮೇಜಿಗೆ ಗುದ್ದಿದರೂ ಅಲುಗಲಿಲ್ಲ. ಉಮಾ ಅವನ್ನು ಸಾಲಾಗಿ ಇಟ್ಟು, ಚಪ್ಪಾಳೆ ತಟ್ಟಿ ನಮ್ಮನ್ನೆಲ್ಲ ಕರೆದು ತೋರಿಸಿದಳು.

ಆ ತಿಂಗಳು ನೀಲೂ ಅವನ್ನು ಉಡಿಯಲ್ಲಿ ಕಟ್ಟಿಕೊಂಡು ಮನೆಗೆ ಒಯ್ದಳು. ಅದೇ ವಾರ ಅವಳಿಗೆ ಜ್ವರ ಬಂತು. ಮಳೆಗಾಲ, ಊರಿನ ಅರ್ಧ ಮಕ್ಕಳು ಜ್ವರದಲ್ಲಿ ಮಲಗಿದ್ದರು. ಆದರೆ ಶಿವಬಸವ್ವನ ಮೊಮ್ಮಗಳು ಒಬ್ಬಳೇ. ಮಗುವಿನ ಪಕ್ಕದಲ್ಲಿದ್ದ ಕೇಕನ್ನು ಸರಿಸಲು ಹೋದಾಗ ಬೆರಳಿಗೆ ಕಾಳು ಕಾಳಾಗಿ ಏನೋ ಹತ್ತಿತಂತೆ. ಕತ್ತರಿಯಿಂದ ಕೊಯ್ದು ನೋಡಿದಳು. ಬಟ್ಟೆಯ ಗಂಟು, ಅದರೊಳಗೆ ಸಾಸಿವೆ. ಉಳಿದವನ್ನೂ ಕೊಯ್ದಳು. ಎಲ್ಲದರಲ್ಲೂ ಗಂಟು.

ಇದು ನಮಗೆ ಗೊತ್ತಾದದ್ದು ಮುಂದಿನ ಭೇಟಿಯಲ್ಲಿ. ಪಡಸಾಲೆಯಲ್ಲಿ ಕಾಗದ ಹಾಸಿ, ಹೊಟ್ಟೆ ಸೀಳಿದ ಕೇಕುಗಳನ್ನು ಅದರ ಮೇಲೆ ಇಟ್ಟಿದ್ದರು. ಗುಲಾಬಿ ಉಲನ್ನು ಬಿಚ್ಚಿಕೊಂಡು ಹರಿದಾಡಿತ್ತು. ನೀಲೂ ಅಜ್ಜಿಯ ಸೆರಗಿನ ಹಿಂದೆ ಇದ್ದಳು. ಸೊರಗಿದ್ದಳು.

‘ಅಜ್ಜಾರ, ನೀವ ನೋಡ್ರಿ,’ ಎಂದಳು ಶಿವಬಸವ್ವ ಗುರುಸಿದ್ದಯ್ಯನವರಿಗೆ. ‘ನಾ ಕೈಲೆ ಮುಟ್ಟೂದಿಲ್ಲ.’

ಉಮಾಳಿಗೆ ಮೊದಲು ಏನೂ ತಿಳಿಯಲಿಲ್ಲ. ತಿಳಿದ ಮೇಲೆ, ಅಷ್ಟೇ ತಾನೇ ಎನ್ನುವಂತೆ ಅವಳ ಮುಖ ಸಡಿಲವಾಯಿತು. ಹೇಳಿಬಿಟ್ಟರೆ ಸರಿಹೋಗುತ್ತದೆ ಎಂದುಕೊಂಡಳು.

‘ಬ್ಯಾರೆ ಏನೂ ಅಲ್ರಿ ಅತ್ತಿ. ನೀಲೂ ಸಣ್ಣಾಕಿ ಇದ್ದಾಗ ಮಲಗತಿದ್ದಳಲ್ಲ, ಆ ದಿಂಬಿನ ಸಾಸಿವಿ ಅದು. ಕೇಕು ಉರುಳಬಾರದಂತ ಹಾಕೇನಿ.’

ಶಿವಬಸವ್ವ ಕಾಗದದ ಮೇಲಿನ ಗಂಟಿನ ಕಡೆಗೆ ಬೆರಳು ಮಾಡಿದಳು. ಆಮೇಲೆ ದನಿ ಏರಿಸದೆ ಹೇಳಿದಳು:

‘ಕೂಸು ತಲಿ ಇಟ್ಟು ಮಲಗಿದ ಸಾಸಿವೀನ ಬೇಕಾಗತೈತಿ ಅದಕ್ಕ.’

ಗುರುಸಿದ್ದಯ್ಯನವರು ಎದ್ದು ಬಂದು ಒಂದು ಚಿಟಿಕೆ ಸಾಸಿವೆ ತೆಗೆದು ಬಾಯಿಗೆ ಹಾಕಿಕೊಂಡು ಎಲ್ಲರಿಗೂ ಕಾಣುವಂತೆ ಅಗಿದರು. ಒಗ್ಗರಣೆಗೆ ಹಾಕುವ ಸಾಸಿವೆ ಇದು ತಾಯಿ, ಮಾಟವಲ್ಲ ಮಂತ್ರವಲ್ಲ, ಎಂದರು.

‘ನಿಮ್ಮನ್ನ ಏನೂ ಮಾಡೂದಿಲ್ರಿ ಅಜ್ಜಾರ,’ ಎಂದಳು ಶಿವಬಸವ್ವ. ‘ನಿಮ್ಮ ಹೆಸರಿಲೆ ಮಾಡಿದ್ದಲ್ಲ ಅದು.’

ಆಕೆ ನಾಟಕ ಮಾಡುತ್ತಿದ್ದರೆ ನಾನು ಅಲ್ಲೇ ಜಗಳಕ್ಕೆ ನಿಲ್ಲುತ್ತಿದ್ದೆ. ಆದರೆ ಆಕೆಯ ಕಣ್ಣ ಕೆಳಗೆ ಕಪ್ಪಾಗಿತ್ತು. ಜ್ವರದ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ನಿದ್ದೆಗೆಟ್ಟ ಮುಖ ಅದು. ನಿಜವಾಗಿಯೂ ಹೆದರಿದ್ದಳು.

ಉಮಾ ಅತ್ತೆಯನ್ನು ಬಿಟ್ಟು, ಮಂಡಿಯೂರಿ ಮಗಳ ಕಡೆಗೆ ಕೈ ಚಾಚಿದಳು. ನೀಲೂ ಸೆರಗಿನ ಸಂದಿಯಿಂದ ಒಂದು ಕಣ್ಣಷ್ಟೇ ತೋರಿಸಿದಳು.

‘ಅವ್ವಾ, ಜ್ವರಾ ನೀನ ಕಳಿಸಿದ್ದೇನು?’

ಇಲ್ಲವ್ವಾ ಎಂದು ಉಮಾ ಮಂಡಿಯ ಮೇಲೆಯೇ ತುಸು ಮುಂದೆ ಸರಿದಳು. ನೀಲೂ ಕಿರುಚಿದಳು. ಅಂಥ ಕೂಗನ್ನು ನಾನು ಅವಳ ಬಾಯಲ್ಲಿ ಹಿಂದೆಂದೂ ಕೇಳಿರಲಿಲ್ಲ. ಆಕಳು ಸಹ ಎದ್ದು ನಿಂತಿತು. ಉಮಾ ಚಾಚಿದ ಕೈಯನ್ನು ನಿಧಾನವಾಗಿ ಹಿಂದಕ್ಕೆ ತೆಗೆದುಕೊಂಡು, ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟು ಕೂತಳು. ಕಾಣದಂತೆ.

ಮೌಲಾಬಿ ಸುದ್ದಿ ಕೇಳಿ ಬುರ್ಖಾ ಹಾಕಿಕೊಂಡು ಹೊರಟೇಬಿಟ್ಟಿದ್ದಳು. ತಾನು ಹೋಗಿ ಶಿವಬಸವ್ವನಿಗೆ ಹೇಳುತ್ತೇನೆ, ಭಾರ ಹಾಕು ಎಂದವಳು ತಾನೇ ಎಂದು. ಬಾಗಿಲು ದಾಟಿದವಳು ಅಲ್ಲೇ ನಿಂತು, ತನ್ನನ್ನು ಕಂಡರೆ ದರ್ಗಾದ ತಾಯತವೂ ಒಳಗಿತ್ತು ಎನ್ನುತ್ತಾರೆ ಎಂದು ತಾನೇ ಹೇಳಿ, ಒಳಗೆ ಬಂದು ಬುರ್ಖಾ ಬಿಚ್ಚಿಟ್ಟಳು.

ನಮ್ಮ ವಕೀಲರು ಮಾತ್ರ ಹುರುಪಿನಲ್ಲಿದ್ದರು. ಕೂಸಿನ ತಲೆ ಕೆಡಿಸಿದ್ದಾರೆ ಎಂದು ಅರ್ಜಿ ಹಾಕೋಣ, ಅಜ್ಜಿ ಬರಕೂಡದು ಎಂದು ಆರ್ಡರ್ ತರೋಣ, ಅತ್ತರೂ ಬಿಡದೆ ತಾಯಿಯ ಹತ್ತಿರ ಕೂಡಿಸಬಹುದು ಎಂದರು. ನನ್ನ ಗಂಡ ಹೂಂ ಎಂದಿದ್ದರು. ಉಮಾ ಕುರ್ಚಿಯ ತುದಿಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡಳು.

‘ಬ್ಯಾಡ್ರಿ ಸಾಹೇಬ್ರ,’ ಎಂದಳು. ‘ಅಂಜಿದ ಕೂಸಿನ್ನ ಹಿಡಕೊಂಡು ನಾ ಏನ್ ಮಾಡ್ಲಿ? ಆಕಿ ನನ್ನ ಕೈಯಾಗ ನಡಗತಾಳ.’

ಆದರೂ ರವಿವಾರಗಳನ್ನು ಅವಳು ತಪ್ಪಿಸಲಿಲ್ಲ. ಬರಿಗೈಯಲ್ಲಿ ಹೋಗುತ್ತಿದ್ದಳು. ಮೊದಲು ಪಡಸಾಲೆಯ ಇನ್ನೊಂದು ತುದಿಗೆ ಕೂತಳು. ನೀಲೂ ಅತ್ತಳು. ಅದರ ಮಾರನೆಯ ತಿಂಗಳು ಅಂಗಳದ ಆಚೆ, ಚಪ್ಪಲಿ ಬಿಡುವ ಜಾಗದಲ್ಲಿ ಕೂತಳು. ನೀಲೂ ಅಳಲಿಲ್ಲ, ಆದರೆ ಆಟವನ್ನು ಎತ್ತಿಕೊಂಡು ಕಂಬದ ಹಿಂದೆ ಹೋದಳು. ಗುರುಸಿದ್ದಯ್ಯನವರು ಹೋಗಿ ಅವಳಿಗೆ ಏನೇನೋ ಹೇಳಿ ನೋಡಿದರು. ಅವಳು ಕಂಬದ ಹಿಂದಿನಿಂದ ಬರಲಿಲ್ಲ, ಅವರೊಬ್ಬರೇ ಮರಳಿ ಬಂದರು.

ದೀಪಾವಳಿ ಮುಗಿದ ಮೇಲಿನ ಭೇಟಿಗೆ ಉಮಾ ಒಳಗೇ ಹೋಗಲಿಲ್ಲ. ಮಠದ ಹೊರಗೆ, ಕಂಪೌಂಡ್ ಗೋಡೆಗೆ ಬೆನ್ನು ಕೊಟ್ಟು ನಿಂತಳು. ನಾನೂ ಪಕ್ಕದಲ್ಲಿ ನಿಂತೆ. ಹೋಗುವ ಬರುವ ಜನ ನಮ್ಮನ್ನು ನೋಡುತ್ತಿದ್ದರು. ಬಸ್ಸಿಗೆ ಕಾಯುವವರು ಎಂದುಕೊಂಡಿರಬೇಕು. ಗೋಡೆಯ ಆಚೆ, ತಾಯಿ ಬಂದಿಲ್ಲವೆಂದು ತಿಳಿದ ನೀಲೂ ಅಂಗಳದ ತುಂಬ ಓಡಾಡುತ್ತಿದ್ದಳು. ಕಾಲ ಗೆಜ್ಜೆ ಕೇಳುತ್ತಿತ್ತು. ಯಾರಿಗೋ ಶಾಲೆಯ ಲೆಕ್ಕ ಒಪ್ಪಿಸುತ್ತಿದ್ದಳು. ತಪ್ಪಿದಾಗ ತಾನೇ ನಕ್ಕು ಮೊದಲಿನಿಂದ ಶುರು ಮಾಡುತ್ತಿದ್ದಳು.

ಉಮಾ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಬಿಸಿಲು ಬಂದಿದೆ, ಹೋಗೋಣ ಎಂದು ನಾನು ಅವಳ ತೋಳು ಮುಟ್ಟಿದೆ. ತುಸು ತಡೆಯಿರಿ ಎಂದು ಕೈಸನ್ನೆ ಮಾಡಿದಳು.

‘ಆಕಿ ದನಿ ದೊಡ್ಡದಾಗೇತಿ ನೋಡ್ರಿ, ವೈನಿ,’ ಎಂದಳು.