ಹೃದಯದ್ದೇ ಆಗಿರಲಿ

ಈ ಹಾಸುಬಟ್ಟೆಗೆ ಇಸ್ತ್ರಿ ಹಾಕಿದವರು ಅಂಚು ಎಳೆದಿಲ್ಲ, ಹಸಿ ಇರುವಾಗಲೇ ಮಡಚಿಟ್ಟಿದ್ದಾರೆ, ಸುಕ್ಕು ಕೆನ್ನೆಗೆ ಒತ್ತುತ್ತಿದೆ, ಎಡಮಗ್ಗುಲಿಗೆ ತಿರುಗಿ ಮಲಗಿ ಅಂದಳು ಸ್ಕ್ಯಾನ್ ಮಾಡುವವಳು, ಮಲಗಿದ್ದೇನೆ, ನಮ್ಮ ಹೋಟೆಲಿನಲ್ಲಿ ಇಂಥದ್ದು ಬಂದಿದ್ದರೆ ವಾಪಸು ಕಳಿಸುತ್ತಿದ್ದೆ, ಇಪ್ಪತ್ತೆರಡು ವರ್ಷ ಇಸ್ತ್ರಿ ಮೇಜಿನ ಮುಂದೆ ನಿಂತೇ ಕಳೆದವಳು, ನಿಂತೂ ನಿಂತೂ ಕಾಲು ಊದಿದೆ ಅಂತಲೇ ನಾನೂ ಅಂದುಕೊಂಡಿದ್ದು — ಮೊದಲು ಸಂಜೆ ಹೊತ್ತಿಗೆ ಕಾಲುಚೀಲದ ಗೆರೆ ಆಳವಾಗಿ ಮೂಡುತ್ತಿತ್ತು, ಬೆಳಿಗ್ಗೆ ಮಾಯವಾಗುತ್ತಿತ್ತು, ಆಮೇಲೆ ಬೆಳಿಗ್ಗೆಯೂ ಉಳಿಯಿತು, ಆಮೇಲೆ ಮೊಣಕಾಲಿಗೆ ಏರಿತು, ಆಮೇಲೆ ಹೊಟ್ಟೆಗೆ, ಎಷ್ಟನೇ ತಿಂಗಳು ಅಂತ ಪಕ್ಕದ ಮೇಜಿನವಳು ಕೇಳಿದಾಗ ನಕ್ಕೆ, ಐವತ್ತಾರು ವರ್ಷದವಳನ್ನು ಕೇಳುವ ಪ್ರಶ್ನೆಯೇ ಅದು, ನಗುವಾಗ ಉಸಿರು ಸಾಲಲಿಲ್ಲ, ಅದನ್ನೂ ಬೇರೆ ಯಾರದೋ ಉಸಿರು ಎಂಬಂತೆ ಗಮನಿಸಿದೆ. ಆಸ್ಪತ್ರೆಗೆ ಎಳೆದುಕೊಂಡು ಬಂದವಳು ತಂಗಿ, ನಾವಿಬ್ಬರೂ ಒಂದೇ ಮನೆಯಲ್ಲಿರುವುದು, ಅವಳು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾಳೆ, ಎಲ್ಲಕ್ಕೂ ಉತ್ತರ ಬೇಕು ಅವಳಿಗೆ, ಡಾಕ್ಟರೂ ಅವಳಿಗೇ ವಿವರಿಸಿದರು, ಊತ ಅಂದರೆ ರೋಗವಲ್ಲ, ಬರೀ ಸುಳಿವು, ಮೂತ್ರದ ಪರೀಕ್ಷೆ ಚೆನ್ನಾಗಿ ಬಂದಿದೆ, ಕಿಡ್ನಿಯ ತಪ್ಪೇನಿಲ್ಲ, ಉಳಿದದ್ದು ಎರಡು, ಲಿವರ್ ಕೆಟ್ಟರೆ ನೀರನ್ನು ರಕ್ತದೊಳಗೆ ಹಿಡಿದಿಡುವ ಸತ್ವ ಕಡಿಮೆಯಾಗಿ ನೀರು ಹೊಟ್ಟೆಗೂ ಕಾಲಿಗೂ ಸೋರುತ್ತದೆ, ಹೃದಯ ಸೋತರೆ ರಕ್ತ ಮುಂದಕ್ಕೆ ಹೋಗದೆ ಹಿಂದೆ ನಿಲ್ಲುತ್ತದೆ, ಎರಡರಲ್ಲೂ ಕಾಲು ಹೀಗೇ ಊದುತ್ತದೆ, ಅಂದಹಾಗೆ ಕುಡಿಯುವ ಅಭ್ಯಾಸ ಏನಾದರೂ ಇದೆಯೇ, ತಲೆ ಎತ್ತದೆಯೇ ಕೇಳಿದರು, ನಾನು ಬಾಯಿ ತೆರೆಯುವ ಮೊದಲೇ ತಂಗಿ, ಅಯ್ಯೋ ನಮ್ಮ ಮನೇಲಿ ಯಾರಿಗೂ ಇಲ್ಲ ಡಾಕ್ಟ್ರೇ, ನಮ್ಮಕ್ಕ ಕಾಫಿನೂ ಕುಡಿಯಲ್ಲ ಅಂದಳು, ಇಲ್ಲ ಎಂದು ಬರೆದುಕೊಂಡ ಪೆನ್ನು ಮುಂದಿನ ಸಾಲಿಗೆ ಹೋಯಿತು.

ಆರು ವರ್ಷ. ಹೋಟೆಲಿನ ಕೋಣೆ ಖಾಲಿ ಮಾಡಿದವರು ಬಿಟ್ಟುಹೋದ ಬಾಟಲಿಗಳು, ಅರ್ಧ, ಕಾಲು, ತಳದಲ್ಲಿ ಎರಡು ಬೆರಳಿನಷ್ಟು, ಮೇಜುಬಟ್ಟೆಗಳ ಅಟ್ಟಿಯ ಹಿಂದೆ ಇಡುತ್ತಿದ್ದೆ, ಯಾವ ದುಃಖಕ್ಕೂ ಅಲ್ಲ, ಹಾಗೆ ಹೇಳಿದರೆ ಚೆನ್ನಾಗಿರುತ್ತಿತ್ತು, ಕುಡಿದರೆ ಹಬೆ ಯಂತ್ರದ ಸದ್ದು ಪಕ್ಕದ ಬೀದಿಗೆ ಹೋದಂತೆ ಇರುತ್ತಿತ್ತು ಅಷ್ಟೇ, ಬಾಯಿಗೆ ಪೆಪ್ಪರ್‌ಮಿಂಟು, ಮನೆಗೆ ಹೋಗುವ ಹೊತ್ತಿಗೆ ನೆಟ್ಟಗೆ. ಒಂದು ಮಧ್ಯಾಹ್ನ ಇಸ್ತ್ರಿ ಪೆಟ್ಟಿಗೆ ಮಣಿಕಟ್ಟಿನ ಮೇಲೆಯೇ ಇತ್ತು, ವಾಸನೆ ಬಂದ ಮೇಲೆ ನನ್ನದೇ ಚರ್ಮ ಎಂದು ತಿಳಿಯಿತು, ಮರುದಿನದಿಂದ ಬಾಟಲಿ ಮುಟ್ಟಿಲ್ಲ, ಹದಿನಾಲ್ಕು ತಿಂಗಳಾಯಿತು, ಹಬೆ ತಾಗಿತು ಅಂದೆ, ತಂಗಿ ಮುಲಾಮು ಹಚ್ಚಿದಳು, ನಂಬುವುದು ಅವಳಿಗೆ ಎಷ್ಟು ಸುಲಭ. ಡಾಕ್ಟರನ್ನು ನೋಡಿ ಬಂದ ದಿನದಿಂದ ನನಗೆ ಒಂದೇ ಜಪ, ಹೃದಯದ್ದೇ ಆಗಿರಲಿ — ಲಿವರ್ ಅಂದರೆ ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಾರೆ, ಹೃದಯ ಅಂದರೆ ಏನೂ ಕೇಳುವುದಿಲ್ಲ, ಪಾಪ, ದುಡಿದೂ ದುಡಿದೂ ಅನ್ನುತ್ತಾರೆ, ಅದು ಮರ್ಯಾದಸ್ಥರ ಕಾಯಿಲೆ, ಹಾಗಾಗಿ ಸಾಕ್ಷಿ ಕೂಡಿಸಿದೆ, ಕನ್ನಡಿಯಲ್ಲಿ ಕಣ್ಣು ಎಳೆದು ನೋಡಿದೆ, ಹಳದಿ ಇಲ್ಲ, ಒಳ್ಳೆಯದು, ಕುತ್ತಿಗೆಯ ನರ ಉಬ್ಬಿದೆ, ಒಳ್ಳೆಯದು, ಮಟ್ಟಸವಾಗಿ ಮಲಗಿದರೆ ಉಸಿರು ಕಟ್ಟುತ್ತದೆ, ಎರಡು ದಿಂಬು ಮೂರಾಯಿತು, ಇನ್ನೂ ಒಳ್ಳೆಯದು, ಮೆಟ್ಟಿಲ ಅರ್ಧದಲ್ಲಿ ನಿಂತು ಏದುಸಿರು ಬಿಡುತ್ತಾ ಖುಷಿಪಟ್ಟವಳು ಈ ಊರಲ್ಲಿ ನಾನೊಬ್ಬಳೇ ಇರಬೇಕು.

ಡಾಕ್ಟರು ಒಳಗೆ ಬಂದರು, ಹಿಂದೆಯೇ ತಂಗಿ, ಸ್ಕ್ಯಾನಿನ ಪರದೆ ನೋಡುತ್ತಾ ನಿಂತರು, ಹೃದಯದ್ದೇ ಅಂದರು. ಸ್ನಾಯು ಸಡಿಲವಾಗಿ ಹಿಗ್ಗಿದೆ, ಒತ್ತುವ ಶಕ್ತಿ ಕಡಿಮೆ, ಲಿವರೂ ಊದಿದೆ ಆದರೆ ಅದು ರಕ್ತ ಹಿಂದೆ ನಿಂತದ್ದಕ್ಕೇ ಇರಬಹುದು, ತಂಗಿ ಕೈಚೀಲವನ್ನು ಎದೆಗೆ ಒತ್ತಿಕೊಂಡಳು, ನಾನು ಗೆದ್ದೆ, ಗೆದ್ದೆ ಅನ್ನುವುದೇ ಮೊದಲು ಬಂದದ್ದು. ಯಾಕೆ ಹೀಗಾಯಿತು ಅಂತ ಹುಡುಕಬೇಕು, ಅವರು ಇನ್ನೂ ಹೇಳುತ್ತಿದ್ದಾರೆ, ರಕ್ತನಾಳ ಕಟ್ಟಿರಬಹುದು, ಹಿಂದೆ ಬಂದ ಯಾವುದೋ ವೈರಸ್ ಇರಬಹುದು, ಹೆಚ್ಚು ಕುಡಿದವರಲ್ಲೂ ಸ್ನಾಯು ಹೀಗೇ ಸಡಿಲವಾಗುತ್ತದೆ, ಅದೇ ಆಗಿದ್ದರೆ ಬಿಟ್ಟ ಮೇಲೆ ಔಷಧಿಗೆ ಚೇತರಿಸಿಕೊಳ್ಳುವುದುಂಟು, ನಿಮಗೆ ಆ ಪ್ರಶ್ನೆ ಇಲ್ಲವಲ್ಲ — ಲಿವರ್, ಹೃದಯ, ಎರಡು ಬಾಗಿಲು ಎಂದುಕೊಂಡಿದ್ದೆ, ಎರಡೂ ತೆರೆಯುವುದು ಒಂದೇ ಕೋಣೆಗೆ, ಅಟ್ಟಿಯ ಹಿಂದಿನ ಆ ಮೂಲೆಗೆ, ನಗು ಬಂತು, ಸ್ಕ್ಯಾನಿನವಳು ಅಲುಗಾಡಬೇಡಿ ಅಂದಳು, ಅಲುಗಾಡದೆ ಗೋಡೆಗೆ ಹೇಳಿದೆ, ಕುಡೀತಿದ್ದೆ ಡಾಕ್ಟ್ರೇ, ಆರು ವರ್ಷ, ದಿನಾ. ಯಾವಾಗ ಬಿಟ್ಟಿರಿ ಅಂದರು, ಹೇಳಿದೆ, ಎಷ್ಟು ಅಂದರು, ಅದನ್ನೂ ಹೇಳಿದೆ, ಸಲೀಸಾಗಿ ಬಂತು. ತಂಗಿ ನನ್ನ ಮಣಿಕಟ್ಟಿನ ಕಲೆ ನೋಡಿದಳು. ನಾನು ಮುಲಾಮು ಹಚ್ಚಿದ್ನಲ್ಲಾ ಅಕ್ಕಾ, ಆಗ್ಲೂನಾ, ಅಂದಳು. ಹೂಂ, ಆಗ್ಲೂ. ಹೊರಗೆ ಹೋಗುತ್ತಾಳೆ ಎಂದುಕೊಂಡೆ, ಹೋಗಲಿಲ್ಲ, ಮಂಚದ ಕಾಲಬದಿಗೆ ಸರಿದು ನಿಂತಳು, ಡಾಕ್ಟರು ಒಂದು ಪದ ಹೊಡೆದುಹಾಕಿ ಬೇರೆ ಬರೆದರು, ಆದರೂ ಪರೀಕ್ಷೆಗಳು ಬೇಕು, ಉಪ್ಪು ಕಡಿಮೆ, ನೀರು ಇಳಿಸುವ ಮಾತ್ರೆ ಇವತ್ತಿನಿಂದಲೇ ಅಂದರು, ತಂಗಿ ಬರೆದುಕೊಳ್ಳುತ್ತಿದ್ದಾಳೆ, ಬರೆಯುತ್ತಲೇ ಇದ್ದಾಳೆ. ಸ್ಕ್ಯಾನಿನವಳು ಪರದೆಯನ್ನು ನನ್ನತ್ತ ತಿರುಗಿಸಿ, ನೋಡಿ, ಇದು ನಿಮ್ಮ ಹೃದಯದ ಕವಾಟ ಅಂದಳು, ಕತ್ತಲೊಳಗೆ ಎರಡು ಬಿಳಿ ಎಳೆ, ತೆರೆಯುತ್ತವೆ, ಒಂದರತ್ತ ಒಂದು ಬರುತ್ತವೆ, ಕೂಡುವುದಿಲ್ಲ, ನಡುವೆ ಕೂದಲೆಳೆಯಷ್ಟು ಸಂದು, ಮತ್ತೆ ತೆರೆಯುತ್ತವೆ, ಮತ್ತೆ ಬರುತ್ತವೆ, ಇನ್ನೇನು ಮುಟ್ಟಬೇಕು, ಸಂದು, ತೆರೆಯುತ್ತವೆ, ಬರುತ್ತವೆ, ಸಂದು —