ಜೈನಾಬಿಯ ಗಿಳಿಯೂ ಸೀತಾಫಲದ ಬೀಜವೂ

ಸಾಕಿದ ಹಕ್ಕಿ ಹಣ್ಣು ತಿಂದ ಮೇಲೆ ಮಂಕಾಗಿ ಕೂತದ್ದನ್ನು ನೀವೂ ಕಂಡಿರಬಹುದು. ಮೊಳಕಾಲ್ಮುರಿನ ತಿಪ್ಪಕ್ಕನ ಮನೆಯಲ್ಲಿ ಹಾಗೇ ಆಯಿತು. ಇದು ಚಳ್ಳಕೆರೆಗೆ ಎತ್ತಿನ ಗಾಡಿಯಲ್ಲೇ ಹೋಗಿಬರುತ್ತಿದ್ದ ಕಾಲದ ಮಾತು.

ಗಿಳಿ ತಿಪ್ಪಕ್ಕನದಲ್ಲ, ಪಕ್ಕದ ಮನೆಯ ಜೈನಾಬಿಯದು. ಚಳ್ಳಕೆರೆಯಲ್ಲಿ ತಂಗಿಗೆ ಹುಷಾರಿಲ್ಲ ಎಂದು ಸುದ್ದಿ ಬಂದಾಗ ಜೈನಾಬಿ ಬೇರೆ ದಾರಿಯಿಲ್ಲದೆ ಪಂಜರವನ್ನು ತಿಪ್ಪಕ್ಕನ ಮಗ್ಗದ ಪಕ್ಕ ತೂಗುಹಾಕಿ ಗಾಡಿ ಹತ್ತಿದ್ದಳು. ಒಂದು ವರ್ಷದಿಂದ ಅವಳು ಈ ಮನೆಯವರಿಗೆ ಮುಖ ಕೊಟ್ಟು ಮಾತಾಡಿರಲಿಲ್ಲ. ಏಕೆಂದು ತಿಪ್ಪಕ್ಕನಿಗೆ ಗೊತ್ತಿರಲಿಲ್ಲ, ಕೇಳುವ ಧೈರ್ಯವೂ ಬಂದಿರಲಿಲ್ಲ. ಈಗ ನಂಬಿ ಒಂದು ಜೀವವನ್ನು ತನ್ನ ಕೈಲಿ ಬಿಟ್ಟುಹೋಗಿದ್ದಾಳಲ್ಲ, ಚೆನ್ನಾಗಿ ನೋಡಿಕೊಂಡರೆ ಮುನಿಸು ಕರಗೀತು ಎಂದು ಅವಳಿಗೆ ಆಸೆ. ಗುಡ್ಡದ ಸೀತಾಫಲದಲ್ಲಿ ದಪ್ಪದ್ದು ಆರಿಸಿ, ಹೋಳು ಮಾಡಿ, ಗಿಳಿಗೇ ಮೊದಲು ಇಟ್ಟಳು.

ಮರುದಿನ ಬೆಳಿಗ್ಗೆ ಗಿಳಿ ಗರಿ ಉಬ್ಬಿಸಿಕೊಂಡು ಪಂಜರದ ಮೂಲೆಯಲ್ಲಿ ಕೂತಿತ್ತು. ಕರೆದರೆ ಕಣ್ಣು ತೆರೆಯದು. ಹಣ್ಣು ತಿಂದೇ ಹೀಗಾಯಿತೇನೋ ಎಂದಳು ತಿಪ್ಪಕ್ಕ. ಅವಳ ಗಂಡ ಸೂರಪ್ಪ ಮಗ್ಗದಿಂದ ಏಳದೆಯೇ, ಗುಡ್ಡದ ಗಿಳಿಗಳು ಸೀತಾಫಲವನ್ನೇ ತಿಂದು ಬದುಕುತ್ತವೆ, ಹಣ್ಣಿನಿಂದ ಏನೂ ಆಗದು, ಸುಮ್ಮನಿರು ಎಂದ.

ಅಷ್ಟರಲ್ಲಿ ಹಣ್ಣು ಮಾರುವ ಮುದುಕಿ ಮೂಗಮ್ಮ ಬಂದು ಬುಟ್ಟಿ ಇಳಿಸಿದಳು. ಪಂಜರದ ತಳದಲ್ಲಿ ಬೀಜದ ಕರಿ ಸಿಪ್ಪೆ ಕಂಡು ಅವಳ ಮುಖ ಬಿಗಿಯಿತು.

"ಮೊನ್ನೆ ನಾನ್ ಬಂದಾಗ ಮಗಳ ತಲೆಗೆ ಏನು ಅರ್ದು ಹಚ್ತಿದ್ದೆ?"

"ಸೀತಾಫಲದ ಬೀಜ. ಹೇನು ಆಗಿದ್ವು."

"ಕಣ್ಣಿಗ್ಯಾಕೆ ಬಟ್ಟೆ ಕಟ್ಟಿದ್ದೆ?"

"ಒಳಗೆ ಬಿದ್ರೆ ಕಣ್ಣೇ ಹೋಗ್ತಾವಲ್ಲ ಅಜ್ಜಿ..." ಎನ್ನುತ್ತಲೇ ತಿಪ್ಪಕ್ಕ ಪಂಜರದ ತಳ ನೋಡಿದಳು.

ವಿಷವೆಂದು ಗೊತ್ತಿದ್ದದ್ದನ್ನೇ ಕೈಯಾರೆ ಬಟ್ಟಲಲ್ಲಿಟ್ಟಿದ್ದಳು. ಸೂರಪ್ಪ ಮಾತ್ರ ಸುಲಭಕ್ಕೆ ಒಪ್ಪುವ ಆಸಾಮಿಯಲ್ಲ. ನಾವೂ ಒಮ್ಮೊಮ್ಮೆ ಬೀಜ ನುಂಗುತ್ತೇವಲ್ಲ, ಸತ್ತೆವಾ ಎಂದು ಕೇಳಿದ.

"ನಾವು ನುಂಗಿದ್ದು ಇಡಿಯಾಗಿ ಹೋಗ್ತೈತೆ ಸೂರಪ್ಪ. ಗಿಳಿ ಕೊಕ್ಕು ಅಡಕತ್ತರಿ ಇದ್ದಂಗೆ, ಒಡ್ದು ತಿರುಳು ತಿಂತೈತೆ. ಗುಡ್ಡದ ಗಿಳಿ ಬ್ಯಾಡಾದ್ದು ಬಿಟ್ಟು ಹಾರ್ತೈತೆ. ಪಂಜರದ್ದು ಎಲ್ಲಿಗೆ ಹೋಗ್ಬೇಕು?"

ಸೂರಪ್ಪ ಮಗ್ಗದಿಂದ ಎದ್ದು ಬಂದ. ಮೂಗಮ್ಮ ಹೇಳಿದಂತೆ ಪಂಜರ ಗುಡಿಸಿ, ತೊಳೆದ ಬಟ್ಟಲಲ್ಲಿ ಹೊಸ ನೀರಿಟ್ಟು, ಗಾಳಿ ಬೀಸದ ಬೆಚ್ಚನೆಯ ಮೂಲೆಗೆ ಸೇರಿಸಿದರು. ಬಾಯಿಗೆ ಏನನ್ನೂ ತುರುಕಬೇಡಿ ಎಂದೂ ಅವಳು ಹೇಳಿದ್ದಳು. ಆಮೇಲೆ ತಿಪ್ಪಕ್ಕನ ಕೈಗೆ ಕೆಲಸ ಹತ್ತಲಿಲ್ಲ. ಹೊರಗೆ ಗಾಡಿ ಸದ್ದಾದರೆ ಸಾಕು, ಜೈನಾಬಿಯೇ ಬಂದಳೇನೋ ಎಂದು ಬಾಗಿಲಿಗೆ ಬಂದು ಇಣುಕುತ್ತಿದ್ದಳು.

ಜೈನಾಬಿ ಬಂದಾಗ ಗಿಳಿ ಬದುಕಿತ್ತು, ಆದರೆ ಸೊರಗಿಹೋಗಿತ್ತು. ತಿಪ್ಪಕ್ಕ ಮುಚ್ಚಿಡಲಿಲ್ಲ. ಬೀಜದ ಸಂಗತಿಯೆಲ್ಲ ಹೇಳಿ ತಲೆ ತಗ್ಗಿಸಿ ನಿಂತಳು. ಜೈನಾಬಿ ಪಂಜರದ ಮುಂದೆ ಕುಳಿತಳು.

"ಹೋದ್ ವರ್ಷ ನನ್ ಹಳೇ ಗಿಳಿನೂ ಸೀತಾಫಲ ತಿಂದ ಮೇಲೇ ಸತ್ತಿದ್ದು," ಎಂದಳು. "ಹಿಂದಿನ್ ದಿನ ನೀನು ಗಿಳಿ ಎಷ್ಟು ಚಂದ ಐತೆ ಅಂದಿದ್ದೆ. ನಿನ್ ನಜರ್ ತಾಗಿ ದೃಷ್ಟಿ ಆಯ್ತು ಅಂದ್ಕೊಂಡೆ ತಿಪ್ಪಕ್ಕ. ಬೀಜ ತೆಗೀದೆ ಹಣ್ಣು ಕೊಟ್ಟಿದ್ದು ನಾನೇ."

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಹಕ್ಕಿಗೆ ಹಣ್ಣು ಕೊಡಿ, ಬೇಡವೆನ್ನುವುದಿಲ್ಲ. ತೊಳೆದು ಕೊಡಿ. ಸೀತಾಫಲವಾದರೆ ಒಂದು ಬೀಜವೂ ಉಳಿಯದಂತೆ ತೆಗೆದು ತಿರುಳನ್ನಷ್ಟೇ ಇಡಿ. ಮಾವಿನ ಓಟೆಯೂ ಬೇಡ. ಸೀಬೆ, ದಾಳಿಂಬೆಯ ಬೀಜಕ್ಕೆ ಹೆದರಬೇಕಿಲ್ಲ. ತಿಂದು ಉಳಿದದ್ದನ್ನು ಕೊಳೆಯುವ ಮೊದಲೇ ತೆಗೆದುಬಿಡಿ. ಹಕ್ಕಿ ಮಂಕಾದರೆ ಕಾಯುತ್ತ ಕೂರದೆ ತಿಳಿದವರಿಗೆ ತೋರಿಸಿ. ಪಕ್ಕದ ಮನೆಯವರ ದೃಷ್ಟಿ ತಾಗಿತು ಎನ್ನುವ ಮೊದಲು, ಬಟ್ಟಲಲ್ಲಿ ನೀವೇನು ಇಟ್ಟಿರಿ ಎಂದು ನೋಡಿ.